ಕಣ್ಣಿನ ಡಾಕ್ಟರಿಗೆ ಇಲ್ಲ ಅಂದಿದ್ದೆ

ನನ್ನ ಹೆಂಡತಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಹೋದ ವರ್ಷ ಅವಳ ಬಲಗಣ್ಣು ಕೆಂಪಾಗಿ, ಬೆಳಕು ನೋಡಿದರೆ ನೋಯತೊಡಗಿತು. ಚಿಕ್ಕಬಾಣಾವರದಿಂದ ಬಸ್ಸಿನಲ್ಲಿ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣಿನ ಒಳಗೇ ಉರಿಯೂತ ಇದೆ ಎಂದ ಡಾಕ್ಟರಮ್ಮ, "ಮನೇಲಿ ಯಾರಿಗಾದ್ರೂ ಟಿ.ಬಿ. ಆಗಿತ್ತಾ?" ಎಂದು ಕೇಳಿದರು.

ಹೆಂಡತಿ ಇಲ್ಲ ಎಂದಳು. ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನೂ ಇಲ್ಲವೆಂದು ತಲೆಯಾಡಿಸಿದೆ.

ಪೀಣ್ಯದ ಫ್ಯಾಕ್ಟರಿಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದಾಗ ನನಗೆ ಟಿ.ಬಿ. ಆಗಿತ್ತು. ಆಗ ಮಗಳಿಗೆ ಗಂಡು ನೋಡುತ್ತಿದ್ದೆವು. ಸುದ್ದಿ ಹೊರಬಿದ್ದರೆ ಸಂಬಂಧ ತಪ್ಪುತ್ತದೆ ಎಂದು ಮಾತ್ರೆಗಳನ್ನು ಫ್ಯಾಕ್ಟರಿ ಲಾಕರಿನಲ್ಲಿಟ್ಟು, ಶಿಫ್ಟ್ ಶುರುವಾಗುವ ಮೊದಲು ನುಂಗುತ್ತಿದ್ದೆ. ಮನೆಯಲ್ಲಿ ಕಬ್ಬಿಣದ ಧೂಳಿನ ಕೆಮ್ಮು ಎಂದಿದ್ದೆ. ಕೆಮ್ಮು ನಿಂತ ಮೇಲೆ ಕೋರ್ಸು ಮುಗಿಸದೆ ಬಿಟ್ಟೆ. ಅದನ್ನೂ ಯಾರಿಗೂ ಹೇಳಲಿಲ್ಲ.

ಹೆಂಡತಿಯ ಕಣ್ಣು ಹನಿ ಹಾಕಿದರೆ ತಿಳಿಯಾಗುತ್ತಿತ್ತು, ನಿಲ್ಲಿಸಿದರೆ ಮತ್ತೆ ಕೆಂಪು. ಮೂರು ಸಲ ಹೀಗಾಯಿತು. ಡಾಕ್ಟರಮ್ಮ ರಕ್ತ ತೆಗೆಸಿದರು, ಎದೆಯ ಎಕ್ಸ್‌ರೇ ಬರೆದುಕೊಟ್ಟರು.

"ಕಣ್ಣು ನೋಯ್ತಿದ್ರೆ ಎದೆ ಫೋಟೋ ಯಾಕ್ರೀ?" ಎಂದಳು ಹೆಂಡತಿ.

ನನಗೂ ತಲೆಬುಡ ತಿಳಿಯಲಿಲ್ಲ. ಎದೆಯ ರೋಗ ಕಣ್ಣಿಗೆ ಹೇಗೆ ಹೋಗುತ್ತದೆ? ನನ್ನದು ಅವಳಿಗೆ, ಅದೂ ಇಷ್ಟು ವರ್ಷದ ಮೇಲೆ? ಸಕ್ಕರೆಯಿಂದಲೇ ಇರಬೇಕು ಎಂದುಕೊಂಡೆ. ಹಾಗೆ ಅಂದುಕೊಂಡರೆ ಸಮಾಧಾನವಾಗುತ್ತಿತ್ತು. ಅಷ್ಟರಲ್ಲಿ ಆ ಕಣ್ಣಲ್ಲಿ ಅವಳಿಗೆ ಬಸ್ಸಿನ ಬೋರ್ಡು ಕಾಣದಂತಾಯಿತು.

ಕಣ್ಣೊಳಗಿನ ನೀರನ್ನು ಸೂಜಿಯಲ್ಲಿ ತೆಗೆದು ಪರೀಕ್ಷಿಸಬೇಕು ಎಂದಾಗ ಅವಳು ಹೆದರಿ ನನ್ನ ಕೈ ಹಿಡಿದುಕೊಂಡಳು. ಆಗ ಬಾಯಿಬಿಟ್ಟೆ.

"ಮೊದಲನೇ ದಿನವೇ ಹೇಳಬಾರ್ದಿತ್ತಾ ಸಾರ್?" ಎಂದರು ಡಾಕ್ಟರಮ್ಮ.

ನನ್ನಿಂದಲೇ ಬಂತಾ ಎಂದು ಕೇಳಿದೆ. ಹೇಳಲಾಗದು, ಕ್ರಿಮಿ ಮೈಯಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು ಸಕ್ಕರೆ ಇರುವವರಲ್ಲಿ ಮೇಲೆದ್ದು, ರಕ್ತದ ಮೂಲಕ ಕಣ್ಣಿಗೂ ಹೋಗುವುದುಂಟು ಎಂದರು. ಸೂಜಿಯಲ್ಲಿ ತೆಗೆದ ನೀರಿನಲ್ಲಿ ಕ್ರಿಮಿ ಸಿಗಲಿಲ್ಲ. ಆದರೂ ರಕ್ತದ ರಿಪೋರ್ಟು, ಎಕ್ಸ್‌ರೇ, ನನ್ನ ಮಾತು ಎಲ್ಲ ಸೇರಿಸಿ ನೋಡಿ ಟಿ.ಬಿ. ಮಾತ್ರೆ ಶುರುಮಾಡಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಮಾತಾಡಿದ್ದು ಒಂದೇ ಸಲ. "ಆ ಕೆಮ್ಮಿಗೆ ದಿನಾ ಕಷಾಯ ಕಾಯಿಸ್ಕೊಟ್ಟೆನಲ್ಲ. ಅದನ್ನಾದ್ರೂ ಕುಡಿದ್ರೋ, ಚೆಲ್ಲಿದ್ರೋ?"

ಕುಡಿದಿದ್ದೆ. ಹಾಗೇ ಹೇಳಿದೆ, ನಂಬಿದಳೋ ಇಲ್ಲವೋ.

ಈಗ ಕೆಂಪು ಹೋಗಿದೆ. ನೋಟ ಅರ್ಧ ಬಂದಿದೆ. ಉಳಿದದ್ದು ಬರುತ್ತದೆಂದು ಡಾಕ್ಟರಮ್ಮ ಭರವಸೆ ಕೊಡುವುದಿಲ್ಲ. ರೋಗ ಯಾರಿಂದ ಬಂತೋ ನನಗಿನ್ನೂ ತಿಳಿಯದು. ತಡವಾದದ್ದು ಮಾತ್ರ ನನ್ನಿಂದಲೇ. ಆಸ್ಪತ್ರೆಯಲ್ಲಿ ಯಾರು ಏನು ಕೇಳಿದರೂ ಅವಳೀಗ ಉತ್ತರ ಕೊಡುವುದಿಲ್ಲ.

"ಇವರನ್ನೇ ಕೇಳಿ ಮೇಡಂ," ಎನ್ನುತ್ತಾಳೆ. "ನಮ್ಮನೇಲಿ ಎಲ್ಲ ಗೊತ್ತಿರೋದು ಇವರೊಬ್ಬರಿಗೇ."