ಖಾಲಿ ಬಂದ ಕ್ಯಾರಿಯರ್

ಪಕ್ಕದ ಮನೆಯ ದೊಡ್ಡಮ್ಮನ ಬಲ ಅಂಗೈಯಲ್ಲಿ ಅಡ್ಡಲಾಗಿ ಒಂದು ಸುಟ್ಟ ಗೆರೆಯಿತ್ತು. ಮದುವೆಯಾದ ಹೊಸದರಲ್ಲಿ ಗಂಡನಿಗೆ ಬುತ್ತಿ ಕೊಡಲು ಹೋಗಿ ಇಂಜಿನ್ನಿನ ಕಾದ ಕಂಬಿ ಹಿಡಿದುಬಿಟ್ಟಿದ್ದರಂತೆ. "ನಮ್ಮೆಜಮಾನ್ರ ಇಂಜಿನ್ನು ಹಾಕಿದ ಹಚ್ಚೆ ಕಣವ್ವ" ಎಂದು ನಗುತ್ತಿದ್ದರು.

ಐವತ್ತರ ದಶಕದ ಆ ದಿನಗಳಲ್ಲಿ ನಾನು ಕೆಂಗೇರಿಗೆ ಹೊಸ ಸೊಸೆ. ದೊಡ್ಡಮ್ಮ ವಿಧವೆಯಾಗಿ ತಮ್ಮನ ಮನೆ ಸೇರಿ ಎಷ್ಟೋ ವರ್ಷವಾಗಿತ್ತು. ಅವರ ಗಂಡ ನೀಲಗಿರಿಯ ಬುಡದ ಮೆಟ್ಟುಪಾಳ್ಯದಲ್ಲಿ, ಊಟಿಗೆ ಹತ್ತುವ ರೈಲಿಗೆ ಕಲ್ಲಿದ್ದಲು ಹಾಕುತ್ತಿದ್ದವರು. ಬೆಟ್ಟ ಹತ್ತುವಾಗ ಆ ಇಂಜಿನ್ನು ಹಿಂದಿದ್ದುಕೊಂಡು ಗಾಡಿಯನ್ನು ನೂಕುತ್ತದೆ. ಹಾಗಾಗಿ ನಮ್ಮ ಕೆಂಗೇರಿ ಸ್ಟೇಷನ್ನಿನಲ್ಲೂ ದೊಡ್ಡಮ್ಮನ ಕಾಲು ಗಾಡಿಯ ಬಾಲದ ಕಡೆಗೇ ಎಳೆಯುತ್ತಿತ್ತು. ಮೈಸೂರು ಗಾಡಿಯ ಬಾಲದಲ್ಲಿ ಗಾರ್ಡು ಬಿಟ್ಟರೆ ಯಾರಿದ್ದಾರೆ? ಗಾರ್ಡನ್ನು ನೋಡಲು ಹೋಗುತ್ತಾಳೆ ಎಂದು ಜನ ಆಡಿಕೊಂಡಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬೆಳಿಗ್ಗೆ ಇಂಜಿನ್ನಿಗೇ ಬುತ್ತಿಯ ಕ್ಯಾರಿಯರ್ ಮುಟ್ಟಿಸಿ, ಸಂಜೆ ಖಾಲಿ ಕ್ಯಾರಿಯರ್ ಇಸಿದುಕೊಳ್ಳುವುದು ಮೆಟ್ಟುಪಾಳ್ಯದ ಹೆಂಗಸರ ವಾಡಿಕೆಯಂತೆ. ಒಂದು ಸಂಜೆ ಬೇರೆ ಯಾರೋ ಅದನ್ನು ತಂದುಕೊಟ್ಟರು. ಗಂಡ ಬೆಟ್ಟದ ಮೇಲೆ, ಕೆಲಸದಲ್ಲಿದ್ದಾಗಲೇ ಎದೆನೋವು ಬಂದು ತೀರಿಹೋಗಿದ್ದರು. "ಮುದ್ದೆ ಹಂಗೇ ಇತ್ತು ಕಣವ್ವ. ಹಸ್ಕೊಂಡೇ ಹೋದ್ರು" ಎಂದು ದೊಡ್ಡಮ್ಮ ಹೇಳುತ್ತಿದ್ದರು.

ಮೇಷ್ಟರಾಗಿದ್ದ ನಮ್ಮವರು ಬೇಸಿಗೆ ರಜೆಯಲ್ಲಿ ಊಟಿಗೆ ಹೊರಟಾಗ ದೊಡ್ಡಮ್ಮನನ್ನೂ ಕರೆದೆವು. ಮೆಟ್ಟುಪಾಳ್ಯದಲ್ಲಿ ಅವರ ಹಳೆಯ ನೆರೆಯವರ ಮನೆಯಲ್ಲಿ ಇಳಿದೆವು. ಮರುದಿನ ಬೆಳಿಗ್ಗೆ ದೊಡ್ಡಮ್ಮ ಮುದ್ದೆ ಕಟ್ಟಿ, ಹುರುಳಿಕಾಳು ಸಾರು ಮಾಡಿ, ಊರಿಂದ ಹೊತ್ತು ತಂದಿದ್ದ ಅದೇ ಹಿತ್ತಾಳೆ ಕ್ಯಾರಿಯರಿಗೆ ತುಂಬಿದರು. ಸ್ಟೇಷನ್ನಿನಲ್ಲಿ ಬೆಟ್ಟ ತಲೆಯ ಮೇಲೇ ನಿಂತಂತಿತ್ತು. ಅವರು ಅತ್ತ ನೋಡಲೂ ಇಲ್ಲ, ನೆಟ್ಟಗೆ ಗಾಡಿಯ ಬಾಲಕ್ಕೆ ನಡೆದರು. ಅಲ್ಲಿ ನಿಜವಾಗಿ ಇಂಜಿನ್ನಿತ್ತು! ಕಲ್ಲಿದ್ದಲು ಹಾಕುವ ಹುಡುಗನಿಗೆ ತಮಿಳಿನಲ್ಲಿ ಏನೋ ಹೇಳಿದರು. ಅವನು ಎರಡೂ ಕೈಯಲ್ಲಿ ಕ್ಯಾರಿಯರ್ ತೆಗೆದುಕೊಂಡ.

"ನೀವು ಹತ್ಕೊಳಿ. ನಾನು ಕ್ಯಾರಿಯರ್ ಇಸ್ಕೊಂಡೇ ಬರದು" ಎಂದರು. ಅವರನ್ನು ಬಿಟ್ಟು ಹೋಗಲು ನಮಗೂ ಮನಸ್ಸಾಗಲಿಲ್ಲ.

ಸಂಜೆ ಗಾಡಿ ಇಳಿದು ಬಂತು. ಹುಡುಗ ತೊಳೆದ ಕ್ಯಾರಿಯರ್ ಚಾಚಿದ. ದೊಡ್ಡಮ್ಮ ಪ್ಲಾಟ್‌ಫಾರ್ಮಿನಲ್ಲೇ ಕೂತು ಒಂದೊಂದೇ ಡಬ್ಬಿ ಬಿಚ್ಚಿ ನೋಡಿದರು. "ಉಂಡವ್ನೆ ಕಣವ್ವ, ಎಲ್ಲ ಉಂಡವ್ನೆ!" ಎಂದು ಗಟ್ಟಿಯಾಗಿ ಅತ್ತರು. ನಾನೂ ಅತ್ತೆ.

ಆ ವರ್ಷದ ಕಾರ್ತಿಕದಲ್ಲಿ ದೊಡ್ಡಮ್ಮ ತೀರಿಹೋದರು. ಅವರ ತಮ್ಮ ಆ ಕ್ಯಾರಿಯರನ್ನು ತಂದು ನನಗೆ ಕೊಟ್ಟರು, ಅಕ್ಕ ಹಾಗೆ ಹೇಳಿದ್ದರಂತೆ. ನಮ್ಮವರು ನಿವೃತ್ತರಾಗುವವರೆಗೂ ಅದರಲ್ಲೇ ಬುತ್ತಿ ಕಟ್ಟಿದೆ. ಸಂಜೆ ಅವರು ಮನೆಗೆ ಬಂದರೆ ಮುಖ ನೋಡುವ ಮೊದಲು ಕ್ಯಾರಿಯರ್ ಎತ್ತಿ ನೋಡುತ್ತಿದ್ದೆ, ಹಗುರವಾಗಿದೆಯೇ ಎಂದು.