ಗುರುವಾರದ ತಪ್ಪುಗಳು

ಕೊಡಿಗೇಹಳ್ಳಿಯಲ್ಲಿ ಸರಳಾ ಮಿಸ್ಸಿನ ಮನೆ ಯಾವುದೆಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಎರಡು ನಾಲ್ಕಂತಸ್ತಿನ ಕಟ್ಟಡಗಳ ನಡುವೆ ಸಿಕ್ಕಿಹಾಕಿಕೊಂಡ ಹೆಂಚಿನ ಮನೆ, ಮುಂದೆ ಮಾವ ಚಿಕ್ಕಬೈರಪ್ಪನವರು ಹಾಕಿಸಿದ ಕಲ್ಲಿನ ಜಗಲಿ. ಅವರ ಕಾಲದಲ್ಲಿ ಅಲ್ಲಿ ರಾಗಿ ಮೂಟೆಗಳು ಕೂರುತ್ತಿದ್ದವು, ಸರಳಾ ಸೊಸೆಯಾಗಿ ಬಂದ ಮೇಲೆ ಮಕ್ಕಳು ಕೂತರು. ಊರಿನ ಅರ್ಧ ಜನಕ್ಕೆ ಮಗ್ಗಿ ಬಂದಿದ್ದು ಆ ಜಗಲಿಯ ಮೇಲೆಯೇ. ಈಗ ಅವರ ಮಕ್ಕಳೂ ಅಲ್ಲಿಗೇ ಟ್ಯೂಷನ್ನಿಗೆ ಬರುತ್ತಾರೆ.

ಮಿಸ್ಸಿನ ವಿದ್ಯೆಯೆಲ್ಲ ಒಂದೇ ಮಾತಿನಲ್ಲಿತ್ತು: "ಇನ್ನೊಂದ್ಸಲ." ಅವರು ಹೊಡೆದವರಲ್ಲ, ಬೈದವರೂ ಅಲ್ಲ. ತಪ್ಪು ಹೇಳಿದರೆ ಇನ್ನೊಂದ್ಸಲ, ಸರಿ ಹೇಳಿದರೂ ಇನ್ನೊಂದ್ಸಲ. ಹಾಡ್ತಾ ಹಾಡ್ತಾ ರಾಗ ಅನ್ನುವ ಗಾದೆಯನ್ನು ಅವರಷ್ಟು ನಂಬಿದವರು ಇನ್ನೊಬ್ಬರಿಲ್ಲ. ಯಾವುದಾದರೂ ಮಗು ಅಪ್ಪಿತಪ್ಪಿ "ಯಾಕೆ ಮಿಸ್?" ಅಂದರೆ, "ಅದು ಅಂಗೇ ಕಣೋ, ಮುಂದಕ್ಕೆ ಹೇಳು" ಅನ್ನುವರು. ಅವರಿಗೆ ಸ್ವಂತ ಮಕ್ಕಳಾಗಲಿಲ್ಲ. ಅದನ್ನು ಯಾರ ಹತ್ತಿರವೂ ಹೇಳಿಕೊಂಡು ಅತ್ತವರಲ್ಲ. ಆದರೆ ಸಂಜೆ ಜಗಲಿ ತುಂಬಿ ಗಲಗಲ ಅಂದರೇನೇ ಅವರಿಗೆ ಅದು ಮನೆ ಅನ್ನಿಸುತ್ತಿದ್ದದ್ದು. ಬೇಸಿಗೆ ರಜೆಯಲ್ಲಿ ಅವರಿಗೆ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ರೈಲ್ವೆ ಗೇಟಿನ ಆಚೆಯ ಶಾಲೆಗೆ ಹೊಸ ಪ್ರಿನ್ಸಿಪಾಲರು ಬಂದರು. ಬಂದವರೇ ಚಿಕ್ಕ ತರಗತಿಗಳ ಪರೀಕ್ಷೆ ತೆಗೆದುಹಾಕಿದರು, ಹೋಮ್‌ವರ್ಕ್ ತೆಗೆದುಹಾಕಿದರು. ಅದರ ಬದಲಿಗೆ ಪ್ರತಿ ಶುಕ್ರವಾರ 'ತಪ್ಪಿನ ಸಭೆ' ಅಂತ ಶುರುಮಾಡಿದರು. ಮಕ್ಕಳೆಲ್ಲ ಸುತ್ತ ಕೂರಬೇಕು, ಒಬ್ಬೊಬ್ಬರೇ ಎದ್ದು ಆ ವಾರ ತಾನು ಮಾಡಿದ ಒಂದು ತಪ್ಪು ಯಾವುದು, ಅದರಿಂದ ಕಲಿತದ್ದೇನು ಅಂತ ಹೇಳಬೇಕು. ಮೂರನೇ ಕ್ಲಾಸಿನ ಸಬಾ ಟೀಚರ್ ಇದನ್ನು ಅಪ್ಪ ಅಮ್ಮಂದಿರಿಗೆಲ್ಲ ವಿವರಿಸಿದರು. ಸಬಾ ಆರ್.ಟಿ. ನಗರದ ಹುಡುಗಿ, ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಪಾಪ, ಬೆವರು ಒರೆಸಿಕೊಂಡು ಎಷ್ಟು ವಿವರಿಸಿದರೂ ಕೇಳಿದವರಿಗೆ ತಲೆಬುಡ ಅರ್ಥವಾಗಲಿಲ್ಲ. ಕಡೆಗೆ ಸರಳಾ ಮಿಸ್ಸಿನ ಪಕ್ಕದ ಕಟ್ಟಡದ ಮಾಲೀಕ ಉಮೇಶ ಎದ್ದು ನಿಂತ.

"ಅಲ್ಲ ಮೇಡಂ, ತಪ್ಪು ಮಾಡೋದಕ್ಕೆ ಸ್ಕೂಲಿಗ್ಯಾಕ್ರೀ ಕಳಿಸ್ಬೇಕು? ಮನೇಲೇ ಮಾಡ್ಕೊಂಡಿರ್ತಾರಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೂ ತಪ್ಪಿನ ಸಭೆ ನಿಲ್ಲಲಿಲ್ಲ.

ಪೆಟ್ಟು ಬಿದ್ದದ್ದು ಜಗಲಿಗೆ. ಪರೀಕ್ಷೆಯೇ ಇಲ್ಲ ಅಂದಮೇಲೆ ಟ್ಯೂಷನ್ ಯಾಕೆ? ಒಬ್ಬ ಸ್ಕೇಟಿಂಗಿಗೆ ಹೋದ, ಒಬ್ಬಳು ಕೀಬೋರ್ಡ್ ಕ್ಲಾಸಿಗೆ ಹೋದಳು. ಮಳೆಗಾಲ ಮುಗಿಯುವ ಹೊತ್ತಿಗೆ ಜಗಲಿಯ ಮೇಲೆ ಉಳಿದದ್ದು ಬೆರಳೆಣಿಕೆಯಷ್ಟು ಮಕ್ಕಳು. ಅವರಲ್ಲಿ ಉಮೇಶನ ಮಗ ಯಶವಂತ್ ಒಬ್ಬ, ಟೈಲರ್ ಶಾಂತಲಾಳ ಮಗಳು ಮೋನಿಕಾ ಒಬ್ಬಳು. ಯಶವಂತ್ ಮಿಸ್ಸಿನ ಹೆಮ್ಮೆ. ಒಂದು ಸಲ ಹೇಳಿಕೊಟ್ಟರೆ ಸಾಕು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪುತ್ತಿರಲಿಲ್ಲ. ಮೋನಿಕಾ ಮಿಸ್ಸಿನ ತಲೆನೋವು. ಅವಳಿಗೆ ನೂರು ಸಲ ಇನ್ನೊಂದ್ಸಲ ಅಂದರೂ ಅಷ್ಟೇ.

"ಓದಿಸೋದು ಅಂದ್ರೆ ತಪ್ಪಾಗದಂಗೆ ನೋಡ್ಕೊಳ್ಳೋದು ತಾನೆ? ಇವ್ರು ನೋಡಿದ್ರೆ ತಪ್ಪೇ ಬೇಕು ಅಂತಾರೆ. ನಂಗಂತೂ ಒಂದೂ ಅರ್ಥ ಆಗ್ತಿಲ್ಲ ಕಣ್ರೀ" ಅಂತ ಮಿಸ್ಸು ಗಂಡನ ಮುಂದೆ ಕಣ್ಣೀರು ಹಾಕಿಕೊಂಡರು.

ಗಂಡ ಬಾಲರಾಜು ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ದನ ನೋಡಿಕೊಳ್ಳುವ ಕೆಲಸದಿಂದ ನಿವೃತ್ತರಾದವರು. ಯಾವುದಕ್ಕೂ ತಲೆ ಕೆಡಿಸಿಕೊಂಡವರಲ್ಲ. "ಬುಡೆ ಅತ್ಲಾಗೆ. ನಮ್ ಅಸುಗಳಿಗೆ ಯಾವತ್ತು ಪರೀಕ್ಷೆ ಇತ್ತು? ಆಲು ಕೊಡ್ತಿರ್ಲಿಲ್ವ?" ಅಂದರು.

ಮಿಸ್ಸಿಗೆ ಸಿಟ್ಟು ಬಂದು ಆ ರಾತ್ರಿ ಗಂಡನಿಗೆ ಬರೀ ಮುದ್ದೆ, ಸಾರಿಲ್ಲ.

ಅದಾಗಿ ಕೆಲವು ದಿನಕ್ಕೆ ಉಮೇಶ ಜಗಲಿಗೆ ಬಂದ. ಅವನೂ ಒಂದು ಕಾಲದಲ್ಲಿ ಅಲ್ಲೇ ಕೂತು ಮಗ್ಗಿ ಒಪ್ಪಿಸಿದವನು, ಮಿಸ್ಸಿನೆದುರು ಇವತ್ತಿಗೂ ಕೈ ಕಟ್ಟಿ ನಿಲ್ಲುತ್ತಾನೆ.

"ಮಿಸ್, ನಮ್ ಯಶುದೊಂದು ಪ್ರಾಬ್ಲಮ್ಮಾಗ್ಬಿಟ್ಟಿದೆ. ಶುಕ್ರವಾರ ಬಂದ್ರೆ ಮೂಕನ ಥರ ನಿಂತ್ಕೋತಾನಂತೆ. 'ನಾನೇನೂ ತಪ್ಪು ಮಾಡಿಲ್ಲ ಟೀಚರ್' ಅಂತಾನಂತೆ. ಎಲ್ಲ ಮಕ್ಳೂ ಹೇಳ್ತಾವೆ, ಇವನೊಬ್ಬ ಹಿಂದೆ ಬೀಳ್ತಿದಾನೆ."

"ಅದಕ್ಕೆ ನಾನೇನೋ ಮಾಡ್ಲಿ?"

ಉಮೇಶ ದನಿ ತಗ್ಗಿಸಿದ. "ಅವನಿಗೊಂದು ಒಳ್ಳೆ ತಪ್ಪು ಹೇಳ್ಕೊಟ್ಬಿಡಿ ಮಿಸ್."

ಮಿಸ್ಸು ಮೊದಲು ಕಕ್ಕಾಬಿಕ್ಕಿಯಾದರು. ಆಮೇಲೆ, ಎಷ್ಟೋ ದಿನದ ಮೇಲೆ, ಅವರ ಮುಖ ಅರಳಿತು. ತಪ್ಪೋ ಸರಿಯೋ, ಹೇಳಿಕೊಡುವುದು ಅಂದರೆ ಅವರಿಗೆ ಗೊತ್ತಿದ್ದ ಕೆಲಸ!

ಸರಿ, ತಪ್ಪು ಹುಡುಕಲು ಕೂತರು. ಅದು ಅಂದುಕೊಂಡಷ್ಟು ಸುಲಭವಲ್ಲ. ತೀರಾ ದೊಡ್ಡ ತಪ್ಪಾದರೆ ಹುಡುಗನ ಮರ್ಯಾದೆ ಹೋಗುತ್ತದೆ, ತೀರಾ ಚಿಕ್ಕದಾದರೆ ಟೀಚರ್ ಒಪ್ಪುವುದಿಲ್ಲ. ಬಾಲರಾಜು ಪಕ್ಕದಲ್ಲೇ ಕೂತು ಸಹಾಯ ಮಾಡಿದರು: "ನಮ್ಮಪ್ಪ ಮೂರಂತಸ್ತಿಗೆ ಪ್ಲಾನ್ ಮಾಡ್ಸಿ ನಾಕ್ ಕಟ್ಟವ್ನೆ, ಅದೇ ತಪ್ಪು ಅಂತ ಯೋಳ್ಬುಡೋ ಯಶವಂತ." ಮಿಸ್ಸು ಅವರನ್ನು ಒಳಕ್ಕೆ ಅಟ್ಟಿದರು. ಕೊನೆಗೆ ಗಂಟಲು ಸರಿಮಾಡಿಕೊಂಡು ಹೇಳಿಕೊಟ್ಟರು:

"ಕ್ಹುಂ. ಈ ವಾರ ಕಳೆಯೋ ಲೆಕ್ಕದಲ್ಲಿ ಪಕ್ಕದ ಮನೆಯಿಂದ ಸಾಲ ತಗೊಂಡೆ. ಆದರೆ ಸಾಲ ಕೊಟ್ಟ ಮನೇಲಿ ಒಂದು ಕಮ್ಮಿ ಮಾಡೋದು ಮರೆತೆ. ಇದರಿಂದ ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಕಲಿತೆ. ಹೇಳು. ಇನ್ನೊಂದ್ಸಲ."

ಶುಕ್ರವಾರ ಯಶವಂತ್ ಎದ್ದು ನಿಂತು ಒಂದಕ್ಷರ ಬಿಡದೆ ಒಪ್ಪಿಸಿದ. ಕ್ಲಾಸೆಲ್ಲ ಚಪ್ಪಾಳೆ. ಸಬಾ ಟೀಚರ್ ಅವನ ಬೆನ್ನು ತಟ್ಟಿದರು. ಸುದ್ದಿ ಕೊಡಿಗೇಹಳ್ಳಿಯೆಲ್ಲ ಹಬ್ಬಲು ಎಷ್ಟು ಹೊತ್ತು ಬೇಕು? ಮುಂದಿನ ಗುರುವಾರವೇ ಸ್ಕೇಟಿಂಗಿನವನು ಬಂದ, ಕೀಬೋರ್ಡಿನವಳು ಬಂದಳು, ಕೆಂಪಾಪುರದಿಂದಲೂ ಇಬ್ಬರು ಆಟೋದಲ್ಲಿ ಬಂದರು. "ಮಿಸ್, ನಮ್ಮೋನಿಗೂ ಒಂದ್ ತಪ್ಪು." "ಮಿಸ್, ಹೋದ್ವಾರದ್ದು ಸ್ವಲ್ಪ ಈಸಿ ಆಯ್ತಂತೆ, ಈ ಸಲ ಸೈನ್ಸ್‌ದು ಕೊಡಿ." ಜಗಲಿ ಮೊದಲಿನ ಹಾಗೆ ತುಂಬಿತು. ಮಿಸ್ಸು ತಲೆಗೆ ಹೂ ಮುಡಿದರು, ಮಕ್ಕಳಿಗೆ ಕಡಲೆಪುರಿ ಕಲಸಿಕೊಟ್ಟರು. ಇದೆಲ್ಲ ಏನೆಂದು ಅವರಿಗೆ ಅರ್ಥವಾಗಿತ್ತೇ? ಖಂಡಿತ ಇಲ್ಲ. ಜಗಲಿ ತುಂಬಿತಲ್ಲ, ಅಷ್ಟೇ ಸಾಕಾಗಿತ್ತು.

ಆದರೆ ತಪ್ಪುಗಳಿಗೂ ಬರ ಬರುತ್ತದೆ ನೋಡಿ. ಅವರೊಬ್ಬರೇ ವಾರವಾರವೂ ಅಷ್ಟು ಮಕ್ಕಳಿಗೆ ಎಲ್ಲಿಂದ ಹೊಸ ತಪ್ಪು ತಂದಾರು? ಹಳೆಯದನ್ನೇ ತಿರುಗಿಸಿ ಹಂಚತೊಡಗಿದರು. ಒಂದು ಶುಕ್ರವಾರ ಸಾಲಾಗಿ ಏಳು ಮಕ್ಕಳು ಎದ್ದು ನಿಂತು, ಏಳೂ ಜನ ಪಕ್ಕದ ಮನೆಯಿಂದ ಸಾಲ ತಗೊಂಡು ಮರೆತರು. ಏಳೂ ಜನಕ್ಕೆ ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಗೊತ್ತಾಯಿತು. ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಏಳೂ ಜನ ಶುರುವಿಗೆ ಮೊದಲು "ಕ್ಹುಂ" ಅಂತ ಗಂಟಲು ಸರಿಮಾಡಿಕೊಂಡರು. ಮಿಸ್ಸಿನ ಕೆಮ್ಮನ್ನೂ ಬಾಯಿಪಾಠ ಮಾಡಿದ್ದವು ಮುಂಡೇವು!

ಮುಂದಿನ ಗುರುವಾರ ಸಂಜೆ ಸಬಾ ಟೀಚರ್ ಜಗಲಿಯ ಮುಂದೆ ನಿಂತಿದ್ದರು.

ಮಿಸ್ಸು ಗಡಬಡಿಸಿ ಎದ್ದರು. ಮುಗಿಯಿತು, ಇವತ್ತಿಗೆ ಟ್ಯೂಷನ್ ಮುಚ್ಚಿಸಿ ಹೋಗುತ್ತಾಳೆ ಅಂದುಕೊಂಡರು. ಆದರೂ ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಸಬಾ ಜಗಲಿಯ ತುದಿಯಲ್ಲಿ ಕೂತು ಲೋಟ ಹಿಡಿದುಕೊಂಡೇ ಇದ್ದರು, ಕುಡಿಯಲಿಲ್ಲ.

"ಆಂಟಿ, ಜಗಳಕ್ಕೆ ಬಂದಿಲ್ಲ. ಏನ್ ಮಾಡೋದು ಅಂತ ನಂಗೇ ಗೊತ್ತಾಗ್ತಿಲ್ಲ. ಮಕ್ಳು ತುಂಬಾ ಚೆನ್ನಾಗಿ ಮಾತಾಡ್ತಿದಾರೆ ಅಂತ ಪ್ರಿನ್ಸಿಪಾಲ್ ಹತ್ರ ಹೊಗಳಿಸ್ಕೊಂಡ್ಬಿಟ್ಟಿದೀನಿ. ಈಗ ನೋಡಿದ್ರೆ ಅದ್ಯಾವ್ದೂ ಅವರ ತಪ್ಪೇ ಅಲ್ಲ."

"ಅಂಗಂದ್ರೆ ನಾನು ಯೋಳ್ಕೊಟ್ಟಿದ್ದು ತಪ್ಪಾ?"

"ತಪ್ಪಲ್ಲ ಆಂಟಿ, ನೀವು ಹೇಳ್ಕೊಟ್ಟಿರೋ ತಪ್ಪೆಲ್ಲ ಸರಿಯಾಗೇ ಇದೆ. ಅದೇ ತೊಂದ್ರೆ."

ಎತ್ತು ಏರಿಗೆ, ಕೋಣ ನೀರಿಗೆ. ಮಾತು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಏನು ಮಾಡಲೂ ತೋಚದೆ ಮಿಸ್ಸು ತಮಗೆ ಗೊತ್ತಿದ್ದದ್ದನ್ನೇ ಮಾಡಿದರು. "ಮೋನಿಕಾ, ಎದ್ದೇಳು. ಒಪ್ಪಿಸು" ಅಂದರು.

ಮೋನಿಕಾ ಎದ್ದಳು. "ಕ್ಹುಂ. ಈ ವಾರ ಪಕ್ಕದ ಮನೆಗೆ ಸಾಲ ಕೊಟ್ಟೆ..."

"ತಗೊಂಡೆ."

"ತಗೊಂಡೆ. ಆಮೇಲೆ ಅವರಿಗೆ ಬುದ್ಧಿ ಕಮ್ಮಿ ಮಾಡೋದು ಮರೆತೆ..."

ಮಕ್ಕಳೆಲ್ಲ ಹೋ ಅಂತ ನಕ್ಕರು. ಹೊರಗಿನವರ ಮುಂದೆ ಮರ್ಯಾದೆ ಹೋಯಿತೆಂದು ಮಿಸ್ಸಿಗೆ ರೇಗಿತು. "ಎಷ್ಟ್ ಸಲ ಯೋಳ್ಕೊಡ್ಬೇಕೆ ನಿಂಗೆ? ತಪ್ಪನ್ನಾದ್ರೂ ಸರಿಯಾಗ್ ಯೋಳೆ!"

ಮೋನಿಕಾಳ ಕಣ್ಣಿನಿಂದ ಪಳಕ್ಕನೆ ನೀರು ಬಂತು. ಲಂಗದ ತುದಿಯಲ್ಲಿ ಮೂಗು ಒರೆಸಿಕೊಂಡು ಕೇಳಿದಳು: "ಮಿಸ್, ನನ್ ಹತ್ರ ನಂದೇ ತಪ್ಪಿದೆ. ಅದನ್ನ ಹೇಳ್ಬೋದಾ?"

ಮಕ್ಕಳೆಲ್ಲ ಅವಳತ್ತ ತಿರುಗಿದರು.

"ನಾನು ಸಾಲ ಮರೆಯಲ್ಲ ಮಿಸ್. ಸಾಲಾನೇ ತಗೊಳ್ಳಲ್ಲ. ಎರಡರಲ್ಲಿ ಏಳು ಹೋಗಲ್ಲ ಅಂದ್ರೆ ಏಳರಲ್ಲಿ ಎರಡು ಕಳೆದ್ಬಿಡ್ತೀನಿ."

"ಯಾಕೆ ತಗೊಳಲ್ಲ?" ಮಿಸ್ಸಿನ ಬಾಯಿಂದ ಆ 'ಯಾಕೆ' ಹೇಗೆ ಬಂತೋ ಅವರಿಗೇ ತಿಳಿಯಲಿಲ್ಲ. ಬಹುಶಃ ಅಷ್ಟು ವರ್ಷದಲ್ಲಿ ಅದೇ ಮೊದಲು.

"ಪಕ್ಕದ ಮನೆಯೋರು ಕೊಡೋದು ಒಂದು. ನಮ್ಮನೇಗೆ ಬಂದ ತಕ್ಷಣ ಅದು ಹತ್ತು ಹೆಂಗಾಗುತ್ತೆ? ಮೋಸ ಅಲ್ವಾ ಮಿಸ್ ಅದು?"

ಮಿಸ್ಸು ಬಾಯಿ ತೆರೆದರು. "ಅದು ಅಂಗೇ ಕಣೆ" ಅನ್ನುವ ಮಾತು ನಾಲಗೆಯ ತುದಿವರೆಗೂ ಬಂತು, ಅಲ್ಲೇ ನಿಂತಿತು. ಎಷ್ಟು ಮಕ್ಕಳ ಕೈಯಲ್ಲಿ ಆ ಸಾಲ ಮಾಡಿಸಿದ್ದರು! ಒಂದು ಹತ್ತಾಗುವುದು ಯಾಕೆಂದು ತಮಗೆ ಗೊತ್ತಿದೆ ಅಂತಲೇ ಅಂದುಕೊಂಡಿದ್ದರು. ಹೇಳಲು ಹೋದರೆ ಮಾತೇ ಇಲ್ಲ. ಅವರಿಗೆ ನಾಚಿಕೆಯಾಯಿತು, ಜೊತೆಗೆ ಈ ಮಗುವನ್ನು ಇಷ್ಟು ದಿನ ದಡ್ಡಿ ಅಂದುಕೊಂಡೆನಲ್ಲ ಅಂತ ಸಂಕಟವೂ ಆಯಿತು.

ಸಬಾ ಮಾತ್ರ ಕಾಫಿ ಚೆಲ್ಲಿಕೊಂಡು ಎದ್ದು ನಿಂತಿದ್ದರು. "ಇದೇ ಆಂಟಿ! ಶುಕ್ರವಾರ ನಂಗೆ ಬೇಕಾಗಿದ್ದು ಇದೇ!"

ಲೆಕ್ಕ ಬಾರದಿರುವುದನ್ನು ನೋಡಿ ಟೀಚರ್ ಒಬ್ಬಳು ಇಷ್ಟು ಕುಣಿಯುವುದೇ? ಮಿಸ್ಸಿಗೆ ತಲೆ ಗಿರ್ರೆಂದಿತು. ಆದರೂ ಆ ರಾತ್ರಿ ಅವರೊಂದು ನಿರ್ಧಾರಕ್ಕೆ ಬಂದರು. ಮುಂದಿನ ವಾರ ಎಲ್ಲರಿಗೂ ಹೇಳಿಬಿಟ್ಟರು: "ಇನ್ಮೇಲೆ ನಾನು ತಪ್ಪು ಯೋಳ್ಕೊಡಲ್ಲ. ನಿಮ್ ನಿಮ್ದು ನೀವೇ ತಗೊಂಡ್ ಬನ್ನಿ."

ಮಗನನ್ನು ಬಿಡಲು ಬಂದಿದ್ದ ಉಮೇಶ ಕಡ್ಡಿ ಮುರಿದಂತೆ ಹೇಳಿದ: "ಇದೊಳ್ಳೆ ಕಥೆ ಆಯ್ತಲ್ಲ ಮಿಸ್. ಕೆಂಪಾಪುರದಲ್ಲಿ ಒಬ್ರು ವಾರಕ್ಕೆ ಎರಡೆರಡು ತಪ್ಪು ಕೊಡ್ತಾರಂತೆ, ಅಲ್ಲಿಗೇ ಹಾಕ್ತೀನಿ." ಯಶವಂತನ ಕೈ ಹಿಡಿದು ಎಳೆದುಕೊಂಡು ಹೋದ. ಹುಡುಗ ತಿರುಗಿ ತಿರುಗಿ ನೋಡುತ್ತಿದ್ದ. ಅವನ ಹಿಂದೆ ಒಬ್ಬೊಬ್ಬರೇ ಕರಗಿದರು. ಜಗಲಿಯಲ್ಲಿ ಮೋನಿಕಾ ಮತ್ತು ಇನ್ನಿಬ್ಬರು ಮಾತ್ರ ಉಳಿದರು. ಮಿಸ್ಸು ಅವರ ಮುಂದೆ ಹುಣಸೆಬೀಜ ಸುರಿದುಕೊಂಡು, ಹತ್ತತ್ತರ ಗುಡ್ಡೆ ಮಾಡಿ, ಪಕ್ಕದ ಮನೆಯವರು ಕೊಡುವುದು ಒಂದು ಬೀಜವೋ ಒಂದು ಗುಡ್ಡೆಯೋ ಅಂತ ತಾವೂ ತಡಕಾಡುತ್ತಿದ್ದರು. ತಾವು ಮಾಡಿದ್ದು ಸರಿಯೋ ತಪ್ಪೋ ಗೊತ್ತಾಗುತ್ತಿರಲಿಲ್ಲ. ಒಂದು ಸಂಜೆ ಖಾಲಿ ಜಗಲಿ ನೋಡಿ, "ಇರೋ ಬರೋ ಮಕ್ಳನ್ನೂ ಓಡಿಸ್ದೆ ಕಣ್ರೀ" ಅಂತ ಗಂಡನ ಮುಂದೆ ಅತ್ತರು. ಆ ದಿನ ಬಾಲರಾಜು ತಮಾಷೆ ಮಾಡಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಶುಕ್ರವಾರ, ಸ್ಕೂಲ್ ಬಿಟ್ಟ ಮೇಲೆ, ಮೋನಿಕಾ ಆಗಲೇ ಜಗಲಿಯಲ್ಲಿ ಬೀಜ ಎಣಿಸುತ್ತಿದ್ದಾಗ, ಯಶವಂತ್ ಒಬ್ಬನೇ ಬಂದು ಮಿಸ್ಸಿನ ಮನೆ ಗೇಟಿನ ಹತ್ತಿರ ನಿಂತ. ಬೆನ್ನಲ್ಲಿ ಚೀಲ ಹಾಗೇ ಇತ್ತು. ಮುಖ ಊದಿಕೊಂಡಿತ್ತು.

"ಏನಾಯ್ತೋ? ಬಾ ಒಳಕ್ಕೆ."

"ಟೀಚರ್ ಇವತ್ತು 'ನಿಂದೇ ಹೇಳು' ಅಂದ್ರು ಮಿಸ್. ಮೋನಿಕಾ ಹೇಳಿದ್ಲು. ಎಲ್ರೂ ಹೇಳಿದ್ರು." ಅವನು ಚೀಲದ ಪಟ್ಟಿ ಬಿಗಿಯಾಗಿ ಹಿಡಿದುಕೊಂಡ. "ನಂಗೆ ತಪ್ಪು ಮಾಡೋಕೇ ಬರಲ್ಲ ಮಿಸ್. ಭಯ ಆಗುತ್ತೆ."

ಮಿಸ್ಸು ಅವನನ್ನೇ ನೋಡಿದರು. ಇವನೇ ಅವರ ಹೆಮ್ಮೆಯಾಗಿದ್ದವನು. ನಿದ್ದೆಯಲ್ಲಿ ಎಬ್ಬಿಸಿದರೂ ತಪ್ಪದಂತೆ ಇವನನ್ನು ತಯಾರು ಮಾಡಿದವರು ಅವರೇ. ಇಳಿದು ಹೋಗಿ ಅವನ ಬೆನ್ನಿನ ಚೀಲ ಬಿಡಿಸಿದರು.

"ನಂಗೂ ಬರಲ್ಲ ಕಣೋ" ಅಂದರು. "ಬಾ, ಕೂತ್ಕೋ."

ಮೋನಿಕಾ ಹುಣಸೆಬೀಜಗಳನ್ನು ಬಾಚಿಕೊಂಡು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.