ದಿನಕ್ಕೆ ಐದು ಸಲ ಬೆನ್ನು ತೋರಿಸಿದವಳು

ನಾನು ನಿವೃತ್ತಿಯಾಗುವುದಕ್ಕೆ ಎರಡು ವರ್ಷ ಮೊದಲಿನ ಬೇಸಿಗೆ. ಸೊರಬ ತಾಲೂಕಿನ ಕಾಡಂಚಿನ ಒಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಆಯಾ ಆಗಿದ್ದೆ. ಊರಿನ ಹೆಸರು ಬೇಡ, ಆ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ನಾನು ಹುಟ್ಟಿದ್ದು ಶಿಕಾರಿಪುರದ ಕಡೆ, ಓದಿದ್ದು ನಾಲ್ಕನೇ ಕ್ಲಾಸು. ನೆಲ ಒರೆಸುವುದು, ಹೆರಿಗೆಯ ಬಟ್ಟೆ ಒಗೆಯುವುದು, ವಾಂತಿ ಬಳಿಯುವುದು ನನ್ನ ಕೆಲಸ. ಅದ್ಯಾವುದೂ ನನಗೆ ಹೇಸಿಗೆ ಅನ್ನಿಸಿದ್ದಿಲ್ಲ. ಹೇಸಿಗೆ ಹುಟ್ಟಿಸಿದ್ದು ಬೇರೆ.

ಅಲ್ಲಿ ಮಂಗ ಸತ್ತರೆ ಜನ ಹೆದರುತ್ತಾರೆ, ಹೆದರಬೇಕಾದ್ದೇ. ಕಾಡಿನಲ್ಲಿ ದನಕ್ಕೂ ಮನುಷ್ಯರಿಗೂ ಹತ್ತಿ ರಕ್ತ ಹೀರುವ ಉಣುಗಿನಿಂದ ಮಂಗನ ಕಾಯಿಲೆ ಬರುತ್ತದೆ. ಆ ವರ್ಷ ಗಿರಿಜಾ ಎಂಬವಳ ಹಿತ್ತಲಿನ ಆಚೆ ಒಂದು ಮಂಗ ಸತ್ತು ಬಿತ್ತು. ಮರುದಿನ ಕೊಟ್ಟಿಗೆಗೆ ತರಗೆಲೆ ತಂದವಳ ಮೊಣಕಾಲ ಹಿಂದೆ ಉಣುಗು ಕಚ್ಚಿಕೊಂಡಿತ್ತು. ಕಿತ್ತು ಹಾಕಿದ್ದಾಯಿತು. ಜ್ವರ ಬರಲಿಲ್ಲ. ಅವಳ ಹಟಕ್ಕೆ ರಕ್ತ ಪರೀಕ್ಷೆಯೂ ಆಯಿತು, ಏನೂ ಇರಲಿಲ್ಲ.

ಕಾಯಿಲೆ ಬರಲಿಲ್ಲ, ಭಯ ಬಂತು. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುವುದು, ಉಸಿರು ಸಾಲದಂತಾಗುವುದು, "ಸತ್ತೇ ಹೋಗ್ತೀನಿ" ಎಂದು ಕೂಗುವುದು. ತನ್ನ ಮೈಯಿಂದ ಹತ್ತುತ್ತದೆ ಎಂದು ಎಂಟು ತಿಂಗಳ ಮಗಳಿಗೆ ಹಾಲು ಕೊಡುವುದನ್ನೂ ಬಿಟ್ಟಳು. ಹೀಗಾದಾಗೆಲ್ಲ ಕೇರಿಯ ಜನ ಆಟ ನೋಡುವ ಹಾಗೆ ನೆರೆಯುವರು. ಯಾವ ಪರೀಕ್ಷೆಯೂ ಪಾಸಾಗದ ಒಬ್ಬ ಡಾಕ್ಟರು ಬೈಕಿನಲ್ಲಿ ಬಂದು ಗ್ಲೂಕೋಸ್ ಬಾಟಲಿ ಏರಿಸಿ ಹೋಗುವನು. ಸಕ್ಕರೆ ನೀರು ಭಯಕ್ಕೆ ಏನು ಮಾಡೀತು? ಆದರೂ ಬಾಟಲಿ ನೇತಾಡಿದರೆ ಮನೆಯವರಿಗೆ ಸಮಾಧಾನ. ಥೂ.

ನಾನೇನು ಕಮ್ಮಿ? ಗಿರಿಜಾ ದಿನಾ ಬಂದು "ಆಯಮ್ಮಾ, ಬೆನ್ನು ನೋಡ್ರೀ, ಎಂತದೋ ಹರೀತಿದೆ" ಎನ್ನುವಳು. ಒಗೆಯುವ ಕಲ್ಲಿನ ಮರೆಯಲ್ಲಿ ಕೂರಿಸಿ ಬೆನ್ನು, ಕಂಕುಳು, ಕೂದಲ ಬುಡ ಎಲ್ಲ ನೋಡಿ "ಏನೂ ಇಲ್ಲವ್ವ, ಹೋಗು" ಎನ್ನುತ್ತಿದ್ದೆ. ಮುಖ ಅರಳಿಸಿಕೊಂಡು ಹೋಗುವಳು. ಮೊದಲು ದಿನಕ್ಕೊಂದು ಸಲ ಬರುತ್ತಿದ್ದವಳು ಆಮೇಲೆ ಮೂರು ಸಲ, ಕೊನೆಗೆ ಐದು ಸಲ ಬರತೊಡಗಿದಳು. ಪುಣ್ಯದ ಕೆಲಸ ಅಂದುಕೊಂಡಿದ್ದೆ.

ಒಂದು ದಿನ ಅವಳ ಅತ್ತೆ ಹೂವಮ್ಮ ಸೊಸೆಯನ್ನು ಎಳೆದುಕೊಂಡು ನಮ್ಮ ಡಾಕ್ಟರಮ್ಮನ ಮುಂದೆ ನಿಂತಳು. "ಇವಳನ್ನ ತವರಿಗೆ ಕಳಿಸ್ತೀವಿ ಮೇಡಂ, ಬ್ಯಾಗ್ ತುಂಬಿ ಆಗಿದೆ. ಕೂಸು ನಮ್ಮ ಹತ್ರಾನೇ ಇರ್ತದೆ. ಹಾಲು ಕೊಡದ ತಾಯಿ ಇದ್ದರೆಷ್ಟು, ಬಿಟ್ಟರೆಷ್ಟು?"

ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು. ಇದು ನಾಟಕವಲ್ಲ, ಆಂಗ್ಸೈಟಿ, ಅಂದರೆ ಆತಂಕದ ಕಾಯಿಲೆ ಎಂದಳು. ಹಂದಿ ಅಟ್ಟಿಸಿಕೊಂಡು ಬಂದರೆ ಓಡಲು ಮೈ ಹೇಗೆ ತಯಾರಾಗುತ್ತದೋ ಹಾಗೆ ಕೂತಲ್ಲೇ ಆಗುತ್ತದಂತೆ. ಏರಿದ್ದು ತಾನೇ ಇಳಿಯುತ್ತದಂತೆ. ಮಾತ್ರೆ ಕೊಟ್ಟಳು, ಶಿವಮೊಗ್ಗದ ಮಾನಸಿಕ ತಜ್ಞರಿಗೆ ಚೀಟಿ ಬರೆದಳು, ಹೂವಮ್ಮನ ಹತ್ತಿರ ಎರಡು ವಾರದ ಗಡುವು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಕಾಡಿಗೆ ಹೋಗಿ ಬಂದ ದಿನ ಸ್ನಾನ ಮಾಡುವಾಗ ಇವರೇ ಒಂದು ಸಲ ನೋಡ್ಕೊಳ್ಳಲಿ, ಸಾಕು. ನೀವು ನೋಡಿ ಇಲ್ಲ ಅಂದಷ್ಟೂ ಇವರಿಗೆ ಮತ್ತೆ ಕೇಳಬೇಕು ಅನ್ಸುತ್ತೆ. ಈ ಭಯಕ್ಕೆ ದಿನಾ ಮೇವು ಹಾಕ್ತಿರೋರು ನೀವು."

ಗಿರಿಜಾ ಹೂಂ ಅಂದಳು. ನನಗೆ ಮೈ ಉರಿಯಿತು. ಹೇಲು ಬಳಿದ ಕೈಗೆ ಈ ಹುಡುಗಿ ಬುದ್ಧಿ ಹೇಳುತ್ತಾಳಲ್ಲ ಎಂದು. ಮಾತು ನಿಜ ಎಂದು ಗೊತ್ತಾದ ಮೇಲೆ ಇನ್ನಷ್ಟು ಉರಿಯಿತು.

ಮರುದಿನ ಮಧ್ಯಾಹ್ನ ಗಿರಿಜಾ ಬಂದಳು. ಹಿಂದೆಯೇ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಹೂವಮ್ಮ.

"ಒಂದೇ ಸಲ ನೋಡ್ರೀ ಆಯಮ್ಮಾ."

"ನೋಡಲ್ಲ."

"ನಿಮ್ಮ ಕೈ ಸೇದಿ ಹೋಗ್ಲಿ!" ಎಂದು ಶಪಿಸಿ ಮೆಟ್ಟಿಲ ಮೇಲೆ ಕುಸಿದಳು. ಉಸಿರು ಏರಿತು, ಬೆರಳು ಸೆಟೆದವು. ಜನ ಸೇರಿತು. ಹೂವಮ್ಮ ಬಾಟಲಿಯವನಿಗೆ ಫೋನು ಹಚ್ಚಿದಳು.

ಆ ಫೋನನ್ನು ಕಿತ್ತು ನನ್ನ ಸೊಂಟಕ್ಕೆ ಸಿಕ್ಕಿಸಿದೆ. ಜನರಿಗೆ, "ಏನ್ ನೋಡಾಕ್ ನಿಂತೀರಿ? ಇಲ್ಲೇನು ಕರಡಿ ಕುಣಿಸ್ತಾರಾ? ನಿಮ್ಮನಿ ಒಲಿ ಮ್ಯಾಲೆ ಸಾರು ಸೀದೈತಿ, ಹೋಗ್ರಿ!" ಎಂದೆ. ಹೋದರು. ಎರಡು ಹೆಂಗಸರು ಕಾಂಪೌಂಡಿನ ಆಚೆಯಿಂದ ಇಣುಕುತ್ತಲೇ ಇದ್ದರು.

ನನಗೆ ಒಗೆದ ಬೆಡ್‌ಶೀಟು ಹಿಂಡುವುದಿತ್ತು. ಒಂದು ತುದಿ ಗಿರಿಜಾಳ ಕೈಗೆ ಕೊಟ್ಟೆ. "ಸಾಯೋದಾದ್ರೆ ಇದನ್ನ ಹಿಂಡಿ ಸಾಯವ್ವ. ಉಸಿರು ನಿಧಾನಕ್ಕ ಹೊರಗ ಬಿಡು." ಮೊದಲನೆಯದು ಕೈಜಾರಿ ಮಣ್ಣಿಗೆ ಬಿತ್ತು. ಎರಡನೆಯದನ್ನು ಅಳುತ್ತ ಹಿಂಡಿದಳು. ಮೂರನೆಯದೂ ಹಾಗೇ. ಐದನೆಯದಕ್ಕೆ ನನ್ನ ತುದಿ ನೋಡಿ, "ನಿಮ್ಮ ಕಡೆ ಸರಿ ಹಿಂಡಿಲ್ಲ, ನೀರು ಸುರೀತಿದೆ" ಎಂದಳು.

ಹೂವಮ್ಮ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಕೂಸು ಚಿರಿಚಿರಿ ಅಳತೊಡಗಿತು. ಗಿರಿಜಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಕೊಡಿ ಇಲ್ಲಿ" ಎಂದಳು. ಅಷ್ಟು ದಿನ ಬಿಟ್ಟ ಹಾಲು ಸುಲಭಕ್ಕೆ ಬರಲಿಲ್ಲ. ಆದರೂ ಕೂಸನ್ನು ಎದೆಯಿಂದ ತೆಗೆಯಲಿಲ್ಲ.

ಭಯ ಮರುದಿನ ಮತ್ತೆ ಬಂತು, ವಾರದಲ್ಲಿ ನಾಲ್ಕು ಸಲ ಬಂತು. ನಾನು ನೋಡಲಿಲ್ಲ. ಶಿವಮೊಗ್ಗಕ್ಕೆ ಹೋಗಿ ಬಂದಳು, ತಿಂಗಳುಗಟ್ಟಲೆ ಮಾತ್ರೆ ನುಂಗಿದಳು. ಕೂಸನ್ನು ಬಿಟ್ಟು ತವರಿಗೆ ಮಾತ್ರ ಹೋಗಲಿಲ್ಲ.

ಬಾಟಲಿಯವನನ್ನು, ಕೇರಿಯವರನ್ನು ಬೈದು ಮುಗಿಸಿದ ಮೇಲೆ ಉಳಿದವಳು ನಾನೇ. ಅವಳು ದಿನಾ ಬಂದು ಕೇಳುತ್ತಿದ್ದದ್ದು ನನಗೆ ಹಿತವಾಗಿತ್ತು. ಆಯಾಳನ್ನು ಇನ್ಯಾರು ಅಷ್ಟು ನಂಬಿಕೆಯಿಂದ ಕೇಳುತ್ತಾರೆ? ಆ ರುಚಿಗೆ ಒಂದು ಹೆಣ್ಣನ್ನು ತಿಂಗಳುಗಟ್ಟಲೆ ಕಲ್ಲಿನ ಮರೆಯಲ್ಲಿ ಬತ್ತಲೆ ಕೂರಿಸಿದೆ. ಹೆದರಿದವರ ಪಕ್ಕ ಕೂರಬೇಕು, ಅವರು ಕೇಳಿದ್ದನ್ನು ಕೊಡಬಾರದು, ಬೈದರೂ ಎದ್ದು ಹೋಗಬಾರದು. ಇಷ್ಟನ್ನು ಕಲಿಯಲು ನನಗೆ ಅಷ್ಟು ವರ್ಷದ ನೌಕರಿ ಬೇಕಾಯಿತು.